ಬಾಜೂಕ ಕುಂತವರ ಟೀವಿ

ಈ ದಿನ ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಐದೂವರೆಗೆ ನಳ ಬಂತು. ಎರಡು ಬ್ಯಾರಲ್ಲು, ಏಳು ಕೊಡ ತುಂಬಿಸಿದೆ. ನಮ್ಮವರ ಡಬ್ಬಿಗೆ ಚಪಾತಿ ಮತ್ತು ಹೆಸರುಕಾಳಿನ ಪಲ್ಯ ಕಟ್ಟಿದೆ. ಇವತ್ತು ಅವರು ರಜೆ ಹಾಕಿದ್ದಾರೆಂದು ಆಮೇಲೆ ನೆನಪಾಗಿ ಬಿಚ್ಚಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಪುಂಡಿಸೊಪ್ಪು ಬಿಡಿಸಿಟ್ಟೆ. ಗೋಡೆಯ ಮೇಲಿನ ಟೀವಿ ಇಳಿಸುವಾಗ ಒಂದು ಬದಿ ಹಿಡಿದುಕೊಂಡೆ. ಅಂಗಡಿಗೆ ಹೋಗಿ ನೆಲದ ಮೇಲೆ ಕುಳಿತೆ. ಜಗಳವಾಡಿದೆ. ಬೇರೆ ಟೀವಿ ತಂದೆವು. ಬರುವ ದಾರಿಯಲ್ಲಿ ಗಿರಣಿಯಿಂದ ಹಿಟ್ಟು ಇಸಿದುಕೊಂಡೆ. ಗೋಡೆಯಲ್ಲಿ ಉಳಿದ ತೂತುಗಳಿಗೆ ಹಲ್ಲುಜ್ಜುವ ಬಿಳಿ ಪೇಸ್ಟು ತುಂಬಿ ಬೆರಳಿನಿಂದ ಸವರಿದೆ. ಒಣಗಿದ ಬಟ್ಟೆ ಮಡಚುವುದು ಉಳಿದಿದೆ.

ನಲವತ್ತೊಂಬತ್ತು ವರ್ಷದ ನನ್ನ ಬಾಳಿನಲ್ಲಿ ಅಂಗಡಿಯಲ್ಲಿ ನಿಂತು ಜಗಳವಾಡಿದ್ದು ಇದೇ ಮೊದಲು. ನಿಂತು ಅನ್ನುವುದೂ ತಪ್ಪು, ಕುಳಿತು. ಕಾಯಿಪಲ್ಯದವನು ಕೊಳೆತ ಟೊಮೆಟೊ ಚೀಲಕ್ಕೆ ಹಾಕಿದರೂ ಸಾರಿಗೆ ಆದೀತೆಂದು ತರುವವಳು ನಾನು. ಅಂಥವಳು ಇವತ್ತು ರಾಯಚೂರಿನ ದೊಡ್ಡ ಬೀದಿಯ ಗಾಜಿನ ಬಾಗಿಲಿನ ಅಂಗಡಿಯಲ್ಲಿ, ಹೊಳೆಯುವ ಟೈಲ್ಸಿನ ಮೇಲೆ, ಸೀರೆಯ ನಿರಿಗೆ ಸರಿಮಾಡಿಕೊಂಡು ಚಕ್ಕಳ ಬಕ್ಕಳ ಹಾಕಿ ಕುಳಿತೆ ಎಂದರೆ, ನನ್ನ ಸಿಟ್ಟು ಯಾವ ಮಟ್ಟದ್ದಿರಬೇಕು ಎಂದು ನೀವೇ ಊಹಿಸಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ತೂತಿಗೆ ಪೇಸ್ಟು ತುಂಬುವಾಗ ಮತ್ತೆ ಏರಿತು. ಗೋಡೆಯಲ್ಲಿ ಎಂಟು ತೂತು. ನಾಲ್ಕು ಮೊದಲ ಸಲ ಟೀವಿ ಕೂರಿಸಿದಾಗಿನವು, ನಾಲ್ಕು ಎರಡನೆಯ ಸಲದವು. ಹೋದ ವರ್ಷವಷ್ಟೇ ಸುಣ್ಣ ಬಳಿದ ಗೋಡೆ. ಆ ಎಂಟು ತೂತಿನ ಕಥೆಯನ್ನೇ ಹೇಳುತ್ತೇನೆ.

ಕಥೆ ಶುರುವಾಗುವುದು ನಮ್ಮ ಅತ್ತೆಯ ಕಣ್ಣಿನಿಂದ. ಎಪ್ಪತ್ತೆಂಟು ವರ್ಷದ ಶರಣಮ್ಮ, ಜಾಲಹಳ್ಳಿಯ ಮಗಳು, ನಾಲ್ಕನೇ ಇಯತ್ತೆಯವರೆಗೆ ಓದಿದವರು. ಎರಡು ವರ್ಷ ಅವರ ಕಣ್ಣಿನಲ್ಲಿ ಪೊರೆ ಬೆಳೆದು, ಹಾಲು ಯಾವುದು ಮಜ್ಜಿಗೆ ಯಾವುದು ಎಂದು ಮೂಸಿ ನೋಡಿ ಹೇಳುವಂತಾಗಿತ್ತು. ಚಳಿಗಾಲದಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ನನ್ನ ಮುಖ. ನೋಡಿದವರೇ, ಮೂಗುಬಟ್ಟಿನ ಹರಳೊಂದು ಬಿದ್ದಿದೆಯಲ್ಲ, ಯಾವಾಗ ಬಿತ್ತು ಎಂದು ಕೇಳಿದರು. ನನಗೇ ಗೊತ್ತಿರಲಿಲ್ಲ. ಆಮೇಲೆ ಒಮ್ಮೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಇನ್ನೂ ದೂರದಲ್ಲಿದ್ದ ಬಸ್ಸಿನ ಬೋರ್ಡನ್ನು ‘ಜಾ-ಲ-ಹ-ಳ್ಳಿ’ ಎಂದು ಜೋರಾಗಿ ಓದಿ, ಸುತ್ತ ನಿಂತವರ ಕಡೆ ಒಮ್ಮೆ ನೋಡಿದರು. ಪರೀಕ್ಷೆಯಲ್ಲಿ ಪಾಸಾದ ಹುಡುಗಿ ಹಾಗೆ ನೋಡುತ್ತಾಳೆ.

ನಮ್ಮ ಹಳೆಯ ಟೀವಿ ಅದೇ ತಿಂಗಳು ಕೆಟ್ಟಿತು. ಒಂದು ಬದಿಯಿಂದ ಕಪ್ಪು ಗೆರೆಗಳು ಬರುತ್ತ ಬರುತ್ತ, ಕೊನೆಗೆ ಸುದ್ದಿ ಓದುವ ಹೆಣ್ಣುಮಗಳು ಕಿಟಕಿಯ ಸರಳಿನ ಹಿಂದೆ ಕುಳಿತಂತೆ ಕಾಣತೊಡಗಿದಳು. ಅವ್ವನ ಕಣ್ಣು ಬಂದಿವೆ, ಇನ್ನು ದೊಡ್ಡದೊಂದು ಟೀವಿಯೇ ಆಗಲಿ ಎಂದು ನಮ್ಮವರು ಠರಾಯಿಸಿದರು. ನೆನಪಿಡಿ, ಟೀವಿ ಬಂದದ್ದು ಅತ್ತೆಯ ಕಣ್ಣಿನ ಹೆಸರಿನಲ್ಲಿ. ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿಯೇ.

ನಮ್ಮವರು ಶಕ್ತಿನಗರದಲ್ಲಿ, ಕರೆಂಟು ತಯಾರಾಗುವ ಕಡೆ, ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವವರು. ಪಾಳಿಯ ಎಂಟು ತಾಸೂ ಪರದೆಗಳನ್ನೇ ನೋಡಿ ಬರುತ್ತಾರೆ. ಹಾಗಾಗಿ ಪರದೆಯ ವಿಷಯದಲ್ಲಿ ಮನೆಯ ಬೇರೆ ಯಾರೂ ಬಾಯಿ ಬಿಡಬಾರದು ಎಂಬುದು ಹೇಳದೇ ಜಾರಿಯಲ್ಲಿರುವ ಕಾನೂನು. ಅವರ ಎದುರು ಮಾತಾಡುವ ಧೈರ್ಯವಿರುವುದು ಅವರ ತಮ್ಮ, ಮಾನ್ವಿಯ ಬಸವರಾಜನಿಗೆ ಮಾತ್ರ. ಬೀಜ, ಗೊಬ್ಬರದ ಅಂಗಡಿ ಅವನದು. ಒಂದು ವರ್ಷದ ಹಿಂದೆ ಓಎಲ್ಇಡಿ ಟೀವಿ ತಂದಿದ್ದಾನೆ. ಅಣ್ಣ ತಮ್ಮ ಮೂರು ವಾರ ಫೋನಿನಲ್ಲಿ ಚರ್ಚಿಸಿದರು. ನಾನು ರೊಟ್ಟಿ ಬಡಿಯುತ್ತ ಕೇಳಿ ಕೇಳಿ ನನಗೆ ತಿಳಿದದ್ದಿಷ್ಟು: ಸಾದಾ ಎಲ್ಇಡಿ ಎಂದರೆ ಹಿಂದೆ ದೀಪ, ಮುಂದೆ ತೆರೆದು ಮುಚ್ಚುವ ಲಕ್ಷಗಟ್ಟಲೆ ಸಣ್ಣ ಕಿಟಕಿಗಳು. ಕ್ಯೂಎಲ್ಇಡಿ ಎಂದರೆ ಅದೇ ದೀಪ, ಅದೇ ಕಿಟಕಿ, ನಡುವೆ ಬಣ್ಣಕ್ಕೆ ಮೆರುಗು ಕೊಡುವ ಒಂದು ಪದರು. ಓಎಲ್ಇಡಿಗೆ ಹಿಂದೆ ದೀಪವೇ ಇಲ್ಲ. ಕಾರ್ತಿಕದ ಹಣತೆಗಳಂತೆ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಆರಿದಲ್ಲಿ ಅಚ್ಚ ಕಪ್ಪು.

ಈ ಕಪ್ಪಿನ ಹುಚ್ಚು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಸವರಾಜನ ಮಗಳ ಕೂಸಿನ ತೊಟ್ಟಿಲಿಗೆಂದು ಮಾನ್ವಿಗೆ ಹೋದಾಗ, ಊಟ ಮುಗಿದದ್ದೇ ತಡ, ಅವನು ಹಾಲ್‌ನ ಕಿಟಕಿ ಬಾಗಿಲು ಹಾಕಿ, ಪರದೆ ಎಳೆದು, ಲೈಟು ಆರಿಸಿ, ಎಲ್ಲರನ್ನೂ ಟೀವಿಯ ಮುಂದೆ ಕೂರಿಸಿದ. ತೊಟ್ಟಿಲಲ್ಲಿದ್ದ ಕೂಸು ಹೆದರಿ ಅಳತೊಡಗಿತು. ಟೀವಿಯಲ್ಲಿ ಏನೂ ಇರಲಿಲ್ಲ.

“ಏನೂ ಕಾಣವಲ್ದಲ್ಲೋ ಬಸ್ಯಾ” ಎಂದರು ಅತ್ತೆ.

“ಅದ ನೋಡಬೇ ಯವ್ವಾ. ಕಪ್ಪು ಅಂದ್ರ ಹಿಂಗಿರಬೇಕು. ಎಲ್ಲಿ ಟೀವಿ ಮುಗೀತದ, ಎಲ್ಲಿ ಗ್ವಾಡಿ ಶುರುವಾಗ್ತದ, ಗೊತ್ತ ಆಗಂಗಿಲ್ಲ.”

“ಕತ್ತಲಿ ನೋಡಾಕ ಇಷ್ಟು ದೊಡ್ಡ ಟೀವಿ ಯಾಕ ಬೇಕೋ? ಕರೆಂಟ್ ಹೋದ್ರ ಪುಗಸಟ್ಟಿ ಕಾಣ್ತದ.”

ಎಲ್ಲರೂ ನಕ್ಕರು. ನಮ್ಮವರು ಮಾತ್ರ ನಗಲಿಲ್ಲ. ಅವರು ಆ ಕಪ್ಪಿಗೆ ಮರುಳಾಗಿಬಿಟ್ಟಿದ್ದರು.

ಓಎಲ್ಇಡಿಯ ಬೆಲೆ ಕೇಳಿ ನಾವು ಹಿಂದೆ ಸರಿದೆವು. ಇನ್ನೊಂದು ಕಾರಣವೂ ಇತ್ತು. ನಮ್ಮ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸುದ್ದಿ ಚಾನೆಲ್ ಹಾಕಿಟ್ಟಿರುತ್ತಾರೆ. ಅದರ ಕೆಳಗಿನ ಕೆಂಪು ಪಟ್ಟಿ ಒಂದೇ ಜಾಗದಲ್ಲಿ ನಿಂತು ನಿಂತು, ಆ ಜಾತಿಯ ಪರದೆಯಲ್ಲಿ ಅಚ್ಚೊತ್ತಿದಂತೆ ಉಳಿದುಬಿಡಬಹುದಂತೆ. ಕೊನೆಗೆ ಕ್ಯೂಎಲ್ಇಡಿ ಎಂದಾಯಿತು. ಅದರಲ್ಲಿಯೂ ಕಪ್ಪು ಚೆನ್ನಾಗಿರುವುದೇ ಬೇಕು ಎಂದು ನಮ್ಮವರು ಹುಡುಕಿ ಹುಡುಕಿ ಒಂದನ್ನು ಆರಿಸಿದರು.

ಕೊಳ್ಳಲು ಹೋದ ದಿನ ನಾನೂ ಹೋಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಹೋಗಿದ್ದೆ. ಅಂಗಡಿಯ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಬಣ್ಣ ಬಣ್ಣದ ಮೀನು, ನೀರಿಗೆ ಬೀಳುವ ಕಿತ್ತಳೆಹಣ್ಣು, ಅರಳುವ ಹೂವು. ನನ್ನ ಪ್ರಶ್ನೆ ಇಷ್ಟೇ, ಯಾರ ಮನೆಯಲ್ಲಿ ದಿನಾ ಸಂಜೆ ಮೀನು ನೋಡುತ್ತಾರೆ? ಮನುಷ್ಯರ ಮುಖ ಒಂದಾದರೂ ಬೇಡವೇ? ಆದರೆ ಈ ಪ್ರಶ್ನೆ ಆಗ ಹೊಳೆಯಲಿಲ್ಲ. ಆಗ ನಾನು ಬಾಯಿ ತೆರೆದು ಮೀನು ನೋಡುತ್ತಿದ್ದೆ. ಎಲ್ಲಿ ನಿಂತು? ನಮ್ಮವರ ಪಕ್ಕದಲ್ಲಿ, ಪರದೆಗೆ ನೇರವಾಗಿ ಎದುರಿಗೆ. ತಪ್ಪು ಆದದ್ದು ಅಲ್ಲಿಯೇ. ನಮ್ಮ ಮನೆಯಲ್ಲಿ ನಾನು ಟೀವಿಯ ಎದುರಿಗೆ ಒಂದು ದಿನವೂ ಕುಳಿತವಳಲ್ಲ. ಅತ್ತೆಯೂ ಕುಳಿತವರಲ್ಲ.

ನಮ್ಮ ಹಾಲ್ ಹೀಗಿದೆ: ಉದ್ದ ಗೋಡೆಗೆ ಟೀವಿ, ಅದರ ಎದುರು ಸೋಫಾ. ಟೀವಿಯ ಎಡಕ್ಕೆ ಅಡುಗೆಮನೆಯ ಬಾಗಿಲು, ಬಲಕ್ಕೆ ತಲೆಬಾಗಿಲು. ತಲೆಬಾಗಿಲ ಪಕ್ಕ ಅತ್ತೆಯ ಹೊರಸು, ಅಂದರೆ ಹಗ್ಗದ ಮಂಚ. ಸೋಫಾ ನಮ್ಮವರದು ಮತ್ತು ಬಂದವರದು. ಗಂಡಸರು ಕುಳಿತ ಕಡೆ ಸರಿಸಮ ಮೇಲೆ ಕೂರಬಾರದು ಎಂದು ಅತ್ತೆಗೆ ಅವರ ಅತ್ತೆ ಕಲಿಸಿದ್ದು. ಮಾವ ಹೋಗಿ ಹದಿನಾರು ವರ್ಷವಾಯಿತು. ಈಗ ಆ ಗಂಡಸು ಎಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಆದರೂ ಕೂರುವುದಿಲ್ಲ. ಹೊರಸಿನ ಮೇಲಾದರೆ ಬೀದಿಯೂ ಕಾಣುತ್ತದೆ, ಟೀವಿಯೂ ಕಾಣುತ್ತದೆ ಎಂದು ನೆವ ಹೇಳುತ್ತಾರೆ.

ನನ್ನ ಜಾಗ ಅಡುಗೆಮನೆಯ ಹೊಸ್ತಿಲ ಒಳಗೆ, ನೆಲದ ಮೇಲೆ. ಕಟ್ಟೆ ಇದೆ, ಕಟ್ಟೆಯ ಮೇಲೆ ಗ್ಯಾಸೂ ಇದೆ. ಆದರೆ ನಿಂತುಕೊಂಡು ರೊಟ್ಟಿ ಬಡಿದರೆ ಅದಕ್ಕೆ ಏಟು ಸರಿಯಾಗಿ ಬೀಳುವುದಿಲ್ಲ. ಅದಕ್ಕಾಗಿ ಕೆಳಗೊಂದು ಗಿಡ್ಡ ಒಲೆ. ನಮ್ಮ ಕಡೆ ಬಿಸಿರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರಬೇಕು. ಉಣ್ಣುವವರು ಉಣ್ಣುತ್ತಿರುವಷ್ಟು ಹೊತ್ತೂ ಬಡಿಯುವವಳು ಏಳುವಂತಿಲ್ಲ. ಆ ಒಂದು ತಾಸು ನನ್ನದು. ಕೈ ತಾನಾಗಿ ಬಡಿಯುತ್ತಿರುತ್ತದೆ, ಕಣ್ಣು ಬಾಗಿಲಾಚೆ ಟೀವಿಯ ಮೇಲಿರುತ್ತದೆ. ಮದುವೆಯಾಗಿ ಇಪ್ಪತ್ತೇಳು ವರ್ಷ. ಅಷ್ಟೂ ವರ್ಷದ ಧಾರಾವಾಹಿಗಳನ್ನು ನಾನು ಓರೆಯಾಗಿಯೇ ನೋಡಿದ್ದೇನೆ.

ನನ್ನ ಅವ್ವ ಇನ್ನೂ ಓರೆ. ದೇವದುರ್ಗದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆಲ್ಲ ಒಂದೇ ಟೀವಿ, ಅರಿವೆ ಅಂಗಡಿಯ ಸಾಹುಕಾರರ ಮನೆಯಲ್ಲಿ. ಅದಕ್ಕೊಂದು ಮರದ ಕಪಾಟು, ಕಪಾಟಿಗೆ ಎಳೆಯುವ ಬಾಗಿಲು, ಬಾಗಿಲಿಗೆ ಬೀಗ. ಐತವಾರ ಸಂಜೆ ಬೀಗ ತೆಗೆದಾಗ ದೇವರ ಗುಡಿಯ ಬಾಗಿಲು ತೆಗೆದಂತೆ ಎಲ್ಲರೂ ಸುಮ್ಮನಾಗುತ್ತಿದ್ದರು. ಸಾಹುಕಾರರು ಎದುರಿಗೆ ಕುರ್ಚಿ ಹಾಕಿಕೊಂಡು, ಮಕ್ಕಳೆಲ್ಲ ಅವರ ಕಾಲಿನ ಸುತ್ತ, ತಡವಾಗಿ ಬಂದವರು ಕಿಟಕಿಯ ಹೊರಗೆ. ಅವ್ವ ಮತ್ತು ಅವಳ ವಾರಿಗೆಯ ಹೆಂಗಸರು ನಡುಮನೆಯ ಬಾಗಿಲ ಹಿಂದೆ. ಬಾಗಿಲ ಸಂದಿಯಿಂದ ಅವ್ವನಿಗೆ ಕಾಣುತ್ತಿದ್ದುದು ಪರದೆಯ ಅರ್ಧ ಮಾತ್ರ. ಆ ಅರ್ಧವನ್ನು ನೋಡಿ ಅವಳು ಮರುದಿನ ಬಾವಿಯ ಹತ್ತಿರ ಇಡೀ ಕಥೆ ಹೇಳುತ್ತಿದ್ದಳು. ಉಳಿದರ್ಧದಲ್ಲಿ ಯಾರಿದ್ದರು, ಏನು ಮಾಡಿದರು ಎಂಬುದನ್ನು ತಾನೇ ಹೊಂದಿಸಿಕೊಳ್ಳುತ್ತಿದ್ದಳು. ಎದುರಿಗೆ ಕುಳಿತು ಪೂರ್ತಿ ನೋಡಿದ ನಮಗೆ ಅವ್ವನ ಕಥೆಯೇ ಹೆಚ್ಚು ಚೆನ್ನಾಗಿ ಕೇಳುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ಆ ಡಬ್ಬಾ ಟೀವಿಗೆ ಭೇದಭಾವವಿರಲಿಲ್ಲ. ಉಬ್ಬಿದ ಗಾಜಿನ ಆ ಮುಖ ಕುರ್ಚಿಯ ಸಾಹುಕಾರರಿಗೆ ಹೇಗೆ ಕಾಣುತ್ತಿತ್ತೋ, ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದವನಿಗೂ ಹಾಗೆಯೇ ಕಾಣುತ್ತಿತ್ತು. ಅವ್ವನಿಗೆ ಕಂಡ ಅರ್ಧವೂ ಅಚ್ಚುಕಟ್ಟಾದ ಅರ್ಧ.

ಇರಲಿ. ಹೊಸ ಟೀವಿ ಬಂತು. ಗೋಡೆಗೆ ಕೂರಿಸಲು ಬಂದ ಇಬ್ಬರಿಗೆ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿಕೊಟ್ಟೆ. ಗ್ಯಾಸು ಬದಲಿಸಿದ್ದು, ಉಪ್ಪಿನಕಾಯಿ ಹಾಕಿದ್ದು ಎಲ್ಲವನ್ನೂ ಕ್ಯಾಲೆಂಡರಿನ ತಾರೀಖಿನ ಮನೆಯಲ್ಲಿ ಬರೆದಿಡುವ ಅಭ್ಯಾಸ ನನಗೆ. ಆ ದಿನದ ಮನೆಯಲ್ಲಿ ‘ಟೀವಿ ಬಂತು, ಬದಲಿಸಲು ಗಡುವು ಹತ್ತು ದಿನ’ ಎಂದು ಬರೆದೆ. ಸಂಜೆ ಒಲೆ ಹಚ್ಚಿ, ಮೊದಲ ಹಿಟ್ಟಿನ ಮುದ್ದೆಗೆ ಕೈ ಹಾಕಿ, ತಲೆ ಎತ್ತಿ ನೋಡಿದೆ.

ನಾನು ದಿನಾ ನೋಡುವ ಧಾರಾವಾಹಿಯ ಸೊಸೆ ಮುಖಕ್ಕೆ ವಿಭೂತಿ ಬಳಿದುಕೊಂಡು ನಿಂತಿದ್ದಳು. ಅವಳ ಅತ್ತೆಯೂ ವಿಭೂತಿ. ಹಸಿರು ಸೀರೆ ಹಲವು ಸಲ ಒಗೆದು ಬಿಸಿಲಿಗೆ ಹಾಕಿದಂತೆ. ಕಪ್ಪು ಕೂದಲು ಬೂದಿ. ತಲೆಯನ್ನು ಹೊಸ್ತಿಲಾಚೆ ಚಾಚಿದರೆ ಸ್ವಲ್ಪ ಬಣ್ಣ ಬರುತ್ತಿತ್ತು, ಹಿಂದೆ ಸರಿದರೆ ಮತ್ತೆ ಬೂದಿ. ಕುತ್ತಿಗೆ ಚಾಚಿ ಬಡಿದ ರೊಟ್ಟಿ ಒಂದು ಬದಿ ದಪ್ಪ, ಒಂದು ಬದಿ ತೆಳುವಾಯಿತು.

ನಮ್ಮವರಿಗೆ ಹೇಳಿದೆ. ಅವರು ಸೋಫಾದಲ್ಲಿಯೇ ಕುಳಿತು, ಛಲೋ ಅದಲ್ಲ ಎಂದರು. ಇಲ್ಲಿ ಬಂದು ನೋಡಿ ಎಂದೆ. ಮೊಣಕಾಲು ನೋವೆಂದು ಬಾಗಿಲಲ್ಲಿ ಅರ್ಧ ಬಗ್ಗಿ, ಒಂದು ಗಳಿಗೆ ನೋಡಿ, ಎಲ್ಲ ಒಂದೇ ಎಂದರು. ನಾನು ಬಿಡಲಿಲ್ಲ. ಆಗ ಅಟ್ಟದಿಂದ ಟೀವಿಯ ಖಾಲಿ ಡಬ್ಬ ಇಳಿಸಿ, ಅದರ ಮೇಲಿನ ಅಕ್ಷರಕ್ಕೆ ಬೆರಳಿಟ್ಟು ತೋರಿಸಿದರು: ನೂರಾ ಎಪ್ಪತ್ತೆಂಟು ಡಿಗ್ರಿಯಿಂದ ನೋಡಬಹುದು. “ನೂರಾ ಎಪ್ಪತ್ತೆಂಟು ಅಂದ್ರ ಗ್ವಾಡಿಗಿ ಕಿವಿ ಹಚ್ಚಿ ಕುಂತ್ರೂ ಕಾಣಬೇಕು. ನಿನ್ನ ಕಣ್ಣ ತೋರಿಸ್ಕೋ ಹೋಗು.”

ಡಬ್ಬದ ಮೇಲೆ ಏನೇನೆಲ್ಲ ಬರೆದಿತ್ತು. ಫೋರ್‌ಕೆ ಎಂದು, ಬಣ್ಣಗಳು ನೂರು ಕೋಟಿ ಎಂದು. ಆದರೆ ಒಳಗಿನ ಪರದೆ ಯಾವ ಜಾತಿಯದು, ಪಕ್ಕದಿಂದ ನೋಡಿದರೆ ಮುಖ ಮುಖದಂತೆ ಇರುತ್ತದೆಯೋ ಇಲ್ಲವೋ, ಅದರ ಬಗ್ಗೆ ಒಂದಕ್ಷರವಿಲ್ಲ. ಇದ್ದ ಒಂದು ಸಂಖ್ಯೆಯೂ ನನ್ನ ವಿರುದ್ಧ ಸಾಕ್ಷಿ ಹೇಳಿತು. ಐದು ರೂಪಾಯಿ ಬಿಸ್ಕೀಟಿನ ಪುಡಿಕೆಯ ಮೇಲೆ ಒಳಗೇನಿದೆ ಎಂದು ಬರೆದಿರುತ್ತದೆ. ಇಷ್ಟು ದೊಡ್ಡ ಡಬ್ಬದ ಮೇಲೆ ಬರೆಯಲು ಜಾಗ ಸಾಲಲಿಲ್ಲವೇ?

ಕಣ್ಣು ತೋರಿಸಿಕೊಂಡೆ. ಓದುವ ಕನ್ನಡಕದ ನಂಬರು ಕಾಲು ಏರಿದೆ, ಉಳಿದಂತೆ ಕಣ್ಣು ಗಟ್ಟಿ ಎಂದರು. ಹೊಸ ಕನ್ನಡಕ ಹಾಕಿಕೊಂಡು ಬಂದು ಅದೇ ವಿಭೂತಿಯನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಿದೆ.

ಈ ಗಲಾಟೆಯಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಹೊರಸಿನ ಕಡೆ ನೋಡಲಿಲ್ಲ. ಅತ್ತೆ ಆ ದಿನಗಳಲ್ಲಿ ಟೀವಿಗೆ ಬೆನ್ನು ಹಾಕಿ ಬೀದಿಯ ಕಡೆ ಮುಖ ಮಾಡಿ ಕೂರತೊಡಗಿದ್ದರು. ಆಗಾಗ ಎದ್ದು ಬಾಗಿಲಿಗೆ ಹೋಗಿ ಎದುರಿನ ಔಷಧಿ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ ಬರುತ್ತಿದ್ದರು. ಒಂದು ದಿನ, ಆಪರೇಷನ್ ಆದಾಗ ಕೊಟ್ಟ ಕಣ್ಣಿನ ಹನಿಯ ಬಾಟಲಿ ಉಳಿದಿದೆಯೇ ಎಂದು ಕೇಳಿದರು. ಧೂಳು ಬಿದ್ದಿರಬೇಕೆಂದು ನಾನು ನೀರಿನಿಂದ ತೊಳೆದುಕೊಳ್ಳಲು ಹೇಳಿದೆ. ಕ್ಯಾಲೆಂಡರಿನಲ್ಲಿ ಏನು ಬರೆದಿದ್ದೇನೆ ಗೊತ್ತೇ? ‘ಅತ್ತೆ ಟೀವಿ ನೋಡುವುದು ಕಮ್ಮಿ ಮಾಡಿದ್ದಾರೆ. ಒಳ್ಳೆಯದಾಯಿತು.’ ನನ್ನದೇ ಅಕ್ಷರ. ಈಗ ನೋಡಿದರೆ ಕೆನ್ನೆ ಬಿಸಿಯಾಗುತ್ತದೆ.

ಎಂಟನೆಯ ದಿನ ನಮ್ಮವರು ನನ್ನ ಬಾಯಿ ಮುಚ್ಚಿಸಲು ಒಂದು ಉಪಾಯ ಮಾಡಿದರು. ಟೀವಿಯನ್ನು ಆಚೆ ಈಚೆ ತಿರುಗಿಸುವ ಕಬ್ಬಿಣದ ತೋಳು ತಂದು ಹಾಕಿಸಿದರು. ಗೋಡೆಗೆ ಮತ್ತೆ ನಾಲ್ಕು ತೂತು. ಸಂಜೆ ರೊಟ್ಟಿಯ ಹೊತ್ತಿಗೆ ಟೀವಿಯ ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿದರು. ನಿಜ ಹೇಳುತ್ತೇನೆ, ಎಂಟು ದಿನ ಬೂದಿಯಾಗಿದ್ದ ಸೊಸೆಯ ಮುಖಕ್ಕೆ ರಕ್ತ ಬಂತು. ಸೀರೆ ಹಸಿರಾಯಿತು. ನನ್ನ ಕೈ ತಾಳ ಹಿಡಿಯಿತು. ಆಗ ಹೊರಸಿನ ಮೇಲಿಂದ ಒಂದು ಸಣ್ಣ ದನಿ ಬಂತು.

“ಯಪ್ಪಾ, ಟೀವಿ ಆರಿಸಿದೇನು?”

“ಇಲ್ಲಬೇ ಯವ್ವಾ, ನಡದದಲ್ಲ” ಎಂದರು ನಮ್ಮವರು.

ಅತ್ತೆ ಎರಡೂ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು. “ಹಂಗಾರ ಮುಗೀತು. ಪೂರಾ ಬೆಳ್ಳಗಾತು. ಎಂಟು ದಿನ ಆತಪ್ಪಾ, ಮಂದಿ ಮಾರಿ ಮ್ಯಾಲ ಮಂಜು ಬಿದ್ದಂಗ ಕಾಣಾಕತ್ತಿತ್ತು. ಹೇಳಿದ್ರ ಮತ್ತ ದವಾಖಾನಿ, ಮತ್ತ ನಿನಗ ರಜಾ ಅಂತ ಸುಮ್ಮಕಿದ್ದೆ. ಹೊರಗಿನ ಬೋರ್ಡು ಓದಾಕ ಬರ್ತದ, ಒಳಗಿನ ಟೀವಿ ಕಾಣವಲ್ದು. ಇದೆಂಥಾ ಕುರುಡೋ ಏನೋ.”

ಹಂಚಿನ ಮೇಲಿನ ರೊಟ್ಟಿ ಹತ್ತಿ ವಾಸನೆ ಬಂದರೂ ನಾನು ಏಳಲಿಲ್ಲ. ಟೀವಿಯ ಒಂದು ಬದಿ ನಾನು, ಇನ್ನೊಂದು ಬದಿ ಅವರು. ನನ್ನ ಕಡೆ ತಿರುಗಿಸಿದಷ್ಟೂ ಅವರ ಕಡೆ ಬೆಳ್ಳಗಾಗುತ್ತದೆ ಎಂಬುದು ನನ್ನಂಥ ದಡ್ಡಿಗೂ ಹೊಳೆಯಿತು. ಅದಕ್ಕಿಂತ ಹೆಚ್ಚು ಹೊಳೆದದ್ದು ಇನ್ನೊಂದು. ನನಗೆ ಹಾಗೆ ಕಂಡಾಗ ನಾನು ಎಂಟು ದಿನವೂ ಗೊಣಗಿದೆ. ಅವರು ಎಂಟು ದಿನ, ಕಣ್ಣು ಹೋಗುತ್ತಿವೆ ಎಂದುಕೊಂಡು, ಬೀದಿ ನೋಡುತ್ತ ಬಾಯಿ ಕಟ್ಟಿ ಕುಳಿತಿದ್ದರು. ಅವರ ಕಣ್ಣಿನ ಹೆಸರಿನಲ್ಲಿ ತಂದ ಟೀವಿಯ ಮುಂದೆ. ಮುಂದೆ ಅಲ್ಲ, ಪಕ್ಕದಲ್ಲಿ.

ನಮ್ಮವರು ಎದ್ದರು. ಹೊರಸಿನ ಮೇಲೆ ಅವ್ವನ ಪಕ್ಕ ಕುಳಿತು, ಅವರ ತಲೆಯ ಎತ್ತರಕ್ಕೆ ತಮ್ಮ ತಲೆ ಬಗ್ಗಿಸಿ ನೋಡಿದರು. ಟೀವಿಯನ್ನು ನಡುವಿಗೆ ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಹೊಸ್ತಿಲಿಗೆ ಬಂದು, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ನೆಲಕ್ಕೆ ಕುಳಿತರು. ಇಪ್ಪತ್ತೇಳು ವರ್ಷದಲ್ಲಿ ಅವರು ಅಲ್ಲಿ ಕುಳಿತದ್ದು ಅದೇ ಮೊದಲು. “ಒಲಿ ಝಳ ಭಾಳ ಬಡೀತದಲ್ಲ ಇಲ್ಲಿ” ಎಂದರು.

ಮರುದಿನ ಅಂಗಡಿಗೆ ಫೋನು ಮಾಡಿದರು. ಕೆಟ್ಟಿದ್ದರೆ ಮಾತ್ರ ಬದಲಿ, ಇದು ಕೆಟ್ಟಿಲ್ಲ, ಆ ಪರದೆಯ ಗುಣವೇ ಹಾಗೆ ಎಂಬ ಉತ್ತರ ಬಂತು. ತೋಳು ಕೂರಿಸಲು ಬಂದಿದ್ದ ಮಿಸ್ತ್ರಿಯನ್ನು ಕೇಳಿದಾಗ ಅವನು ಬಿಡಿಸಿ ಹೇಳಿದ. ಎಲ್ಇಡಿಯ ಪರದೆಯಲ್ಲಿಯೇ ಎರಡು ಜಾತಿ: ಒಂದು ವಿಎ, ಅದಕ್ಕೆ ಎದುರಿನಿಂದ ಕಪ್ಪು ಗಟ್ಟಿ, ಪಕ್ಕಕ್ಕೆ ಸರಿದರೆ ತೊಳೆದಂತೆ, ಇನ್ನೊಂದು ಐಪಿಎಸ್, ಅದಕ್ಕೆ ಕಪ್ಪು ಸ್ವಲ್ಪ ಬೂದಿ, ಆದರೆ ಎತ್ತ ಕುಳಿತರೂ ಮುಖ ಮುಖವಾಗಿಯೇ ಕಾಣುತ್ತದೆ. ಅಂದರೆ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಾಡುವವರಿಗೆ ಗೊತ್ತು, ಮಾರುವವರಿಗೆ ಗೊತ್ತು, ಗೋಡೆಗೆ ಮೊಳೆ ಹೊಡೆಯುವವನಿಗೂ ಗೊತ್ತು. ಗೊತ್ತಿಲ್ಲದ್ದು ನೋಡುವವರಿಗೆ ಮಾತ್ರ.

ಕ್ಯಾಲೆಂಡರ್ ನೋಡಿದೆ. ಇವತ್ತು ಹತ್ತನೆಯ ದಿನ. ಟೀವಿಯನ್ನು ಡಬ್ಬಕ್ಕೆ ಹಾಕಿ, ಆಟೋದಲ್ಲಿ ಅತ್ತೆಯನ್ನೂ ಕೂರಿಸಿಕೊಂಡು ಹೊರಟೆವು.

ಅಂಗಡಿಯ ಮಾಲಕರು ಮರ್ಯಾದಸ್ಥರು. ಚಹಾ ತರಿಸಿದರು, ಅತ್ತೆಗೆ ಸ್ಟೂಲು ಕೊಟ್ಟರು, ಆಮೇಲೆ ಆಗುವುದಿಲ್ಲ ಎಂದರು. ನಮ್ಮವರು ನಿಯಮದ ಮಾತಾಡಿದರು, ಅವರೂ ನಿಯಮದ ಮಾತಾಡಿದರು. ನನಗೆ ನಿಯಮ ಬರುವುದಿಲ್ಲ. ನಮ್ಮದರಂಥದೇ ಟೀವಿ ಗೋಡೆಯ ಮೇಲೆ ಎಲ್ಲಿದೆ ಎಂದು ಹುಡುಕಿದೆ. ನಮ್ಮ ಹೊಸ್ತಿಲಿನಷ್ಟು ದೂರ, ಅಷ್ಟೇ ಓರೆ ಅಂದಾಜು ಮಾಡಿ, ನೆಲದ ಮೇಲೆ ಕುಳಿತುಬಿಟ್ಟೆ. ಅತ್ತೆಯ ಸ್ಟೂಲನ್ನು ಆಚೆ ಬದಿ ಹಾಕಿಸಿದೆ. ಮೀನು ತೆಗೆದು ಮನುಷ್ಯರನ್ನು ಹಾಕಿ ಎಂದೆ.

“ಏಳ್ರಿ ಅಕ್ಕಾರ, ಮಂದಿ ನೋಡಾಕತ್ತಾರ” ಎಂದರು ಮಾಲಕರು. “ಟೀವಿ ಅಂದ್ರ ಎದುರಿಗಿ ಕುಂತು ನೋಡೋ ವಸ್ತು ರೀ.”

“ನಮ್ಮ ಮನ್ಯಾಗ ಎದುರಿಗಿ ಕುಂಡ್ರೋರು ಒಬ್ಬರ ಅದಾರ್ರೀ. ಬಾಜೂಕ ಕುಂಡ್ರೋರು ಇಬ್ಬರು. ಒಬ್ಬರು ರೊಟ್ಟಿ ಬಡೀತೀವಿ, ಒಬ್ಬರು ಬಾಗಿಲ ಕಾಯ್ತೀವಿ. ನಮಗೂ ಕಾಣೋದು ಕೊಡ್ರಿ. ನಿಮ್ಮ ಮನ್ಯಾಗ ನಿಮ್ಮವರು ಎಲ್ಲಿ ಕುಂಡ್ರತಾರ, ಇವತ್ತು ಹೋಗಿ ನೋಡ್ರಿ.”

ಧೈರ್ಯದಿಂದ ಹೇಳಿದೆ ಎಂದರೆ ಸುಳ್ಳಾದೀತು. ಆದರೆ ಫ್ರಿಜ್ಜು ನೋಡಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಫ್ರಿಜ್ಜು ಬಿಟ್ಟು ನನ್ನ ಹಿಂದೆ ಬಂದು ನಿಂತರು. ಒಬ್ಬಳು ಬಗ್ಗಿ ನೋಡಿ, ಹೌದಲ್ಲರೀ, ಬೆಳ್ಳಗೇ ಅದಲ್ಲ ಎಂದಳು. ಇನ್ನೊಬ್ಬಳು ತನ್ನ ಗಂಡನನ್ನು ಕರೆದು ಬಗ್ಗಿಸಿದಳು. ಮಾಲಕರು ಸುತ್ತ ನೋಡಿದರು. ಟೀವಿ ಕೊಳ್ಳಲು ನಿಂತವರೆಲ್ಲ ಎದುರು ಬಿಟ್ಟು ಪಕ್ಕಕ್ಕೆ ಸರಿದು ಕತ್ತು ವಾರೆ ಮಾಡುತ್ತಿದ್ದರು.

ಆಮೇಲೆ ಕೆಲಸ ಬೇಗ ಆಯಿತು. ಮೂಲೆಯಲ್ಲಿದ್ದ ಐಪಿಎಸ್ ಪರದೆಯ ಟೀವಿ, ಒಂದು ಅಳತೆ ಚಿಕ್ಕದು, ಅದನ್ನು ಹಚ್ಚಿ ಸುದ್ದಿ ಚಾನೆಲ್ ಹಾಕಿದರು. ನಾನು ಒಂದು ಬದಿ ಕುಳಿತೆ, ಅತ್ತೆ ಇನ್ನೊಂದು ಬದಿ. ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಅವರು ಮೊದಲು ತಲೆ ತಗ್ಗಿಸಿಕೊಂಡೇ ಇದ್ದರು. ನೋಡಲು ಹೆದರಿದ್ದರು. ನೋಡಿ, ಆಗಲೂ ಬೆಳ್ಳಗೆ ಕಂಡಿದ್ದರೆ ತಪ್ಪು ಟೀವಿಯದಲ್ಲ, ಕಣ್ಣಿನದು ಎಂದಾಗುತ್ತಿತ್ತು. ನಮ್ಮವರು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, ನೋಡಬೇ ಯವ್ವಾ ಎಂದರು.

ಅತ್ತೆ ತಲೆ ಎತ್ತಿದರು. ಬಹಳ ಹೊತ್ತು ನೋಡಿದರು.

“ಸುದ್ದಿ ಹೇಳಾಕಿ ಮೂಗಬಟ್ಟಿನಾಗ ಏಳು ಹರಳು ಅದಾವ” ಎಂದರು. “ನಮ್ಮ ನೀಲಾನ ಮೂಗಬಟ್ಟಿನಾಗ ಆರ ಅದಾವ. ಒಂದು ಬಿದ್ದದ.”

ನನ್ನ ಹೆಸರು ನೀಲಮ್ಮ. ಹರಳು ಇನ್ನೂ ಹಾಕಿಸಿಲ್ಲ. ಅಂಗಡಿಯ ತುಂಬ ಜನ ನನ್ನ ಮೂಗು ನೋಡಿದರು. ನಾನು ನೋಡಿಕೊಳ್ಳಲಿ ಎಂದು ಕುಳಿತೇ ಇದ್ದೆ.

ಮನೆಗೆ ಬಂದು ಈ ಟೀವಿಯನ್ನು ಗೋಡೆ ಬಿಟ್ಟು ಮೇಜಿನ ಮೇಲೆ ಕೂರಿಸಿದಾಗಿನಿಂದ ನಮ್ಮವರದು ಒಂದೇ ರಾಗ. ಕಪ್ಪು ಕಪ್ಪಿಲ್ಲವಂತೆ, ಬೂದಿಯಂತೆ. ಬಸವರಾಜ ಫೋನು ಮಾಡಿ, ಹಿಂದಕ್ಕೆ ಹೋದಿರಲ್ಲ ವೈನಿ, ನಮ್ಮದಾದರೆ ಕಪ್ಪೂ ಕಪ್ಪು, ಪಕ್ಕದಿಂದಲೂ ಛಲೋ ಎಂದ. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ನಿನ್ನ ಹೆಂಡತಿ ಎಲ್ಲಿ ಕುಳಿತು ನೋಡುತ್ತಾಳಪ್ಪಾ ಎಂದು ಕೇಳಿದೆ. “ಆಕಿಗಿ ಟೈಮ್ ಎಲ್ಲಿ ಅದ ವೈನಿ” ಎಂದ. ನಾನು ಫೋನನ್ನು ಅವನ ಅಣ್ಣನ ಕೈಗೆ ಕೊಟ್ಟು ಹಿಟ್ಟು ನಾದಲು ಹೋದೆ. ಇನ್ನೂ ಮಾತಾಡಿದ್ದರೆ ಇವತ್ತು ಎರಡನೆಯ ಜಗಳವಾಗುತ್ತಿತ್ತು.

ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಬೆಳಗಿನ ಡಬ್ಬಿಯ ಚಪಾತಿಯನ್ನು ನಾನೇ ತಿಂದು ಮುಗಿಸಿದೆ. ನಮ್ಮವರು ನಾಲ್ಕು ರೊಟ್ಟಿ ತಿಂದರು. ಅತ್ತೆ ದಿನಾ ಒಂದು ತಿನ್ನುವವರು ಇವತ್ತು ಒಂದೂವರೆ. ಧಾರಾವಾಹಿಯ ಸೊಸೆ ಹೊಸ ಜುಮುಕಿ ಹಾಕಿದ್ದಾಳೆ ಎಂದು ಹೊರಸಿನಿಂದಲೇ ನನಗೆ ಹೇಳಿದರು. ನಾನೂ ಕಂಡೆ ಎಂದೆ.

ಮೊದಲು ಮಲಗಿದವರು ನಮ್ಮವರು. ಎಂಟೂವರೆಗೆ, ಮೊದಲ ಜಾಹೀರಾತು ಬರುವ ಮುಂಚೆ, ಸೋಫಾದ ಮೇಲೆ, ಟೀವಿಗೆ ನೇರವಾಗಿ ಎದುರಿಗೆ, ರಿಮೋಟು ಎದೆಯ ಮೇಲಿಟ್ಟುಕೊಂಡು. ದಿನಾ ಹಾಗೆಯೇ. ಅತ್ತೆ ಎದ್ದು ಬಂದು, ಮಗನ ಕೈಯಿಂದ ಮೆಲ್ಲಗೆ ರಿಮೋಟು ಬಿಡಿಸಿಕೊಂಡು ಹೊರಸಿಗೆ ಹೋಗಿ ಕುಳಿತರು. ಇನ್ನೂ ನೋಡುತ್ತಿದ್ದಾರೆ.